ಮೂಡಿಗೆರೆಯ ಒಂದು ಕಣಜದ ಕೊಟ್ಟಿಗೆ: ದುರಸ್ತಿಯ ಅನುಭವ

ಮೂಡಿಗೆರೆ ತಾಲ್ಲೂಕಿನಲ್ಲಿರುವ ನನ್ನ ತವರುಮನೆಯ ಹಿಂಭಾಗದಲ್ಲಿ ಒಂದು ಕಣಜದ ಕೊಟ್ಟಿಗೆಯಿದೆ. ಕೆಳಗೆ ದನ ಕಟ್ಟುವ ಜಾಗ, ಅದರ ಮೇಲೆ ಹುಲ್ಲಿನ ಅಟ್ಟ, ಪೂರ್ವದ ತುದಿಯಲ್ಲಿ ಮೊಣಕಾಲೆತ್ತರದ ಕಲ್ಲುಗಳ ಮೇಲೆ ಹಲಗೆಗಳಿಂದಲೇ ಕಟ್ಟಿದ ಭತ್ತದ ಕಣಜ. ಸೊಂಟದೆತ್ತರದ ಮಣ್ಣಿನ ಗೋಡೆ ಮೂರು ದಿಕ್ಕಿಗಿದ್ದರೂ ಅದು ಗಾಳಿ ಮತ್ತು ಇರಚಲನ್ನು ತಡೆಯುವುದಕ್ಕಷ್ಟೇ. ಭಾರವನ್ನೆಲ್ಲ ಹೊರುವುದು ಅಡಿಗಲ್ಲುಗಳ ಮೇಲೆ ನಿಂತ ಮತ್ತಿ ಮತ್ತು ಹೊನ್ನೆ ಮರದ ಕಂಬಗಳು. ಕಂಬ, ತೊಲೆ, ಜಂತೆಗಳ ಚೌಕಟ್ಟಿನಲ್ಲಿ ಎಲ್ಲಿಯೂ ಕಬ್ಬಿಣದ ಮೊಳೆಯಿಲ್ಲ. ಒಂದರ ತುದಿಯನ್ನು ನಾಲಿಗೆಯಾಗಿ ಕೊರೆದು, ಇನ್ನೊಂದರ ಕಂಡಿಯಲ್ಲಿ ಕೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆದು ಬಿಗಿದಿದ್ದಾರೆ.

ಕಟ್ಟಡದ ವಯಸ್ಸಿನ ಬಗ್ಗೆ ಮನೆಯಲ್ಲಿ ಕಾಗದಪತ್ರಗಳಿಲ್ಲದಿದ್ದರೂ ಮರವೇ ಒಂದಷ್ಟು ಹೇಳುತ್ತದೆ. ಮಾಡಿಗೆ ಹೊದಿಸಿರುವುದು ಮಂಗಳೂರು ಹಂಚು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಹಂಚು ಘಟ್ಟ ಹತ್ತಿ ಗಾಡಿಗಳಲ್ಲಿ ನಮ್ಮ ಕಡೆಗೆ ಬಂದದ್ದು ಆಮೇಲೆ. ಆದರೆ ಮಾಡಿನ ನೆತ್ತಿಯಿಂದ ಸೂರಿಗೆ ಇಳಿಯುವ ಪಕಾಸುಗಳ ಮೇಲ್ಮೈಯಲ್ಲಿ, ಹಂಚು ಕೂರಿಸಲು ಅಡ್ಡಲಾಗಿ ಹೊಡೆದ ಈಗಿನ ರೀಪುಗಳಿಗೆ ಯಾವ ಸಂಬಂಧವೂ ಇಲ್ಲದ ಖಾಲಿ ತೂತುಗಳ ಸಾಲುಗಳಿವೆ, ಹಗ್ಗ ಸವೆಸಿದ ಗುರುತುಗಳಿವೆ. ಮೊದಲು ಸೋಗೆಯೋ ಹುಲ್ಲೋ ಹೊದಿಸಿದ್ದ ಚೌಕಟ್ಟಿಗೆ ಮುಂದೊಂದು ತಲೆಮಾರಿನಲ್ಲಿ ಹಂಚು ಬಂದಿದೆ, ಅಂದರೆ ಚೌಕಟ್ಟು ಹಂಚಿಗಿಂತ ಹಳೆಯದು ಎಂದು ತಿಳಿಯಲು ಈ ಗುರುತುಗಳೇ ಸಾಕು.

ಇಂಥ ಕಟ್ಟಡ ಹಾಳಾಗುವುದಕ್ಕೆ ಮಳೆ ಕಾರಣ, ಗೆದ್ದಲು ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಮಳೆಯೂ ಗೆದ್ದಲೂ ಕಟ್ಟಡ ಕಟ್ಟಿದ ದಿನದಿಂದಲೂ ಇದ್ದವು. ಹೊಸದಾಗಿ ಬಂದದ್ದು ಕೆಲಸವಿಲ್ಲದಿರುವಿಕೆ. ಗದ್ದೆ ಮಾಡುವುದು ಕಡಿಮೆಯಾಗುತ್ತಾ ಬಂದು, ಕೆಲವು ಗದ್ದೆಗಳು ಪಾಳು ಬಿದ್ದು, ಕೆಲವಕ್ಕೆ ಅಡಿಕೆ ಬಂದ ಮೇಲೆ ಕಣಜಕ್ಕೆ ತುಂಬಲು ಭತ್ತವಿರಲಿಲ್ಲ. ದನಗಳು ಹೋದ ಮೇಲೆ ಅಟ್ಟಕ್ಕೆ ಹುಲ್ಲು ಬೇಕಾಗಲಿಲ್ಲ. ಹುಲ್ಲು ಬೇಕಿಲ್ಲದ ಮೇಲೆ ಅಟ್ಟ ಹತ್ತುವವರಿಲ್ಲ, ಅಟ್ಟ ಹತ್ತುವವರಿಲ್ಲದ ಮೇಲೆ ಒಡೆದ ಹಂಚು ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂದೆ ಕೊಟ್ಟಿಗೆಯ ಮೂಲೆಯಲ್ಲಿ ಕಲಗಚ್ಚು ಕಾಯಿಸುವ ಒಲೆಯಿತ್ತು. ಅದರ ಹೊಗೆ ದಿನವೂ ಅಟ್ಟದೊಳಗೆ ಹರಡಿ ಮರವನ್ನು ಒಣಗಿಸಿ, ಹುಳುಗಳನ್ನು ದೂರವಿಡುತ್ತಿತ್ತು. ಆ ಒಲೆಯೂ ಆರಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ ಆ ಮಳೆಗಾಳಿಗೆ ನಮ್ಮ ಕೊಟ್ಟಿಗೆಯ ಪಶ್ಚಿಮದ ಮಾಡಿನ ಹಂಚುಗಳು ಜಾರಿದವು. ಅವುಗಳ ಮೇಲೆ ನೀಲಿ ಟಾರ್ಪಾಲು ಬಂತು. ಟಾರ್ಪಾಲು ಹಾಕಿದ ಮೇಲೆ ಎಲ್ಲರಿಗೂ ಸಮಾಧಾನವಾಗಿ, ಮುಂದಿನ ಕೆಲವು ಮಳೆಗಾಲಗಳನ್ನು ಅದು ಹಾಗೆಯೇ ಕಳೆಯಿತು.

ನಾನು ಹಾಸನದಲ್ಲಿ ಪಾಠ ಹೇಳುವವಳು. ತೋಟ ನೋಡಿಕೊಳ್ಳುವವನು ನನ್ನ ಅಣ್ಣ. ಕೊಟ್ಟಿಗೆಯನ್ನು ಏನು ಮಾಡುವುದು ಎಂಬ ಮಾತು ಮನೆಯಲ್ಲಿ ಬಂದಾಗ ಮೂರು ದಾರಿಗಳಿದ್ದವು. ಬಿಚ್ಚಿ ಮರಮುಟ್ಟನ್ನು ಮಾರುವುದು ಮೊದಲನೆಯದು. ಹಳೆಯ ಕಂಬ, ಬೋದಿಗೆ, ಬಾಗಿಲುಗಳಿಗೆ ರೆಸಾರ್ಟ್‌ಗಳಿಂದ ಬೇಡಿಕೆಯಿರುವುದರಿಂದ ವ್ಯಾಪಾರಿಗಳು ತಾವಾಗಿಯೇ ವಿಚಾರಿಸಿಕೊಂಡು ಬರುತ್ತಾರೆ. ಕಂಬಗಳನ್ನು ಇಟ್ಟುಕೊಂಡು ಮೇಲಕ್ಕೆ ತಗಡಿನ ಶೀಟು ಹೊದಿಸುವುದು ಎರಡನೆಯದು. ಇದ್ದುದನ್ನು ಇದ್ದ ಹಾಗೆ ಸರಿಮಾಡುವುದು ಮೂರನೆಯದು. ಕಟ್ಟಡವನ್ನು ನೋಡಲು ಬಂದ ಒಬ್ಬ ಎಂಜಿನಿಯರು ನಾಲ್ಕನೆಯ ದಾರಿಯನ್ನೂ ಸೂಚಿಸಿದರು: ಕಂಬಗಳನ್ನೆಲ್ಲ ತೆಗೆದು ಕಾಂಕ್ರೀಟಿನಲ್ಲಿ ಎರಕ ಹೊಯ್ದು, ಅದರ ಮೇಲೆ ಮರದ ಬಣ್ಣ ಬಳಿಯುವುದು. ಅವರಿಗೆ ಕಾಫಿ ಕೊಟ್ಟು ಕಳುಹಿಸಿದೆವು.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ನಾಡಿನ ನಾನಾ ಕಡೆಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಪರಂಪರೆಯ ಗ್ರಾಮವನ್ನು ನಾನು ನೋಡಿದ್ದೇನೆ, ಆ ಕೆಲಸದ ಮೇಲೆ ಗೌರವವೂ ಇದೆ. ಆದರೆ ಮನೆಯನ್ನು ಅದರ ಜಾಗದಿಂದ ಎತ್ತುವುದು ಬೇರೆ ದಾರಿಯೇ ಇಲ್ಲದಾಗ ಮಾಡುವ ಕೆಲಸ. ನಮ್ಮಲ್ಲಿ ಜಾಗವೂ ಇತ್ತು, ಮನೆಯವರೂ ಇದ್ದರು. ಹಾಸನ ಜಿಲ್ಲೆಯ ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೊಯ್ಸಳರ ಮೂಲಸ್ಥಾನವೆನ್ನುವ ಅಂಗಡಿ ಗ್ರಾಮ ನಮ್ಮ ತಾಲ್ಲೂಕಿನಲ್ಲೇ ಇದೆ. ಕಲ್ಲಿಗೆ ಇಲಾಖೆಯಿದೆ, ಕಾವಲುಗಾರರಿದ್ದಾರೆ. ಖಾಸಗಿ ಹಿತ್ತಲಿನಲ್ಲಿರುವ ಮರದ ಕೊಟ್ಟಿಗೆಗೆ ಮನೆಯವರೇ ಇಲಾಖೆ.

ಕೆಲಸಕ್ಕೆ ಮೊದಲು ನಾನು ಸಾಕಷ್ಟು ಓದಿಕೊಂಡೆ. ಮರದ ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯ ಬಗ್ಗೆ ಅಂತರರಾಷ್ಟ್ರೀಯ ಸ್ಮಾರಕ ಮಂಡಳಿಯಾದ ಇಕೊಮಾಸ್ 1999ರಲ್ಲಿ ಒಂದು ತತ್ತ್ವಾವಳಿಯನ್ನು ಒಪ್ಪಿಕೊಂಡಿತ್ತು. ಅದರ ಹೊಸ ರೂಪವನ್ನು ಅಂಗೀಕರಿಸಿದ್ದು 2017ರ ಡಿಸೆಂಬರ್‌ನಲ್ಲಿ, ನಮ್ಮ ದೆಹಲಿಯಲ್ಲಿ ನಡೆದ ಮಹಾಸಭೆಯಲ್ಲಿ. ಅದರ ಸಾರ ಸರಳ. ಮೂಲ ಮರವನ್ನು ಆದಷ್ಟೂ ಉಳಿಸಬೇಕು, ಬದಲಿಸಲೇಬೇಕಾದಲ್ಲಿ ಅದೇ ಜಾತಿಯ ಮರವನ್ನು ಅದೇ ಬಗೆಯ ಕೀಲಿನಿಂದ ಕೂಡಿಸಬೇಕು, ಹೊಸ ತುಂಡು ಹೊಸದೆಂದು ಮುಂದಿನವರಿಗೆ ತಿಳಿಯುವಂತೆ ಕಣ್ಣಿಗೆ ರಾಚದ ಗುರುತು ಹಾಕಬೇಕು.

ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅಮೆರಿಕದ ರಾಕಿ ಪರ್ವತ ಪ್ರದೇಶದ ದಿಮ್ಮಿಮನೆಗಳ ಮತ್ತು ಕೊಟ್ಟಿಗೆಗಳ ದುರಸ್ತಿಯ ಕುರಿತ ಮಾಹಿತಿ. ವಯೋಮಿಂಗ್ ರಾಜ್ಯದ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದೊಳಗೆ, 1890ರ ದಶಕದಿಂದ ನೆಲೆಸಿದ ರೈತರು ಕಟ್ಟಿಕೊಂಡ ಕೊಟ್ಟಿಗೆಗಳ ಸಾಲೊಂದಿದೆ. ಮಾರ್ಮನ್ ರೋ ಎಂಬ ಆ ಪ್ರದೇಶ 1997ರಲ್ಲಿ ಅಲ್ಲಿನ ರಾಷ್ಟ್ರೀಯ ಐತಿಹಾಸಿಕ ದಾಖಲೆಗೆ ಸೇರಿತು. ಅದೇ ಉದ್ಯಾನದಲ್ಲಿ ಇಂಥ ಕಟ್ಟಡಗಳ ದುರಸ್ತಿಯನ್ನು ಕಲಿಸುವ ಕೇಂದ್ರವೂ ಇದೆ. ಅಲ್ಲಿ ಮರದ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಒಂದರ ಮೇಲೊಂದು ಪೇರಿಸಿ, ಮೂಲೆಗಳಲ್ಲಿ ಕಚ್ಚು ಕೊರೆದು ಹೆಣೆಯುತ್ತಾರೆ. ನಮ್ಮಲ್ಲಿ ಕಂಬ ನೆಟ್ಟು ತೊಲೆ ಏರಿಸುತ್ತೇವೆ. ಅಲ್ಲಿ ಹಿಮ, ಇಲ್ಲಿ ಮಳೆ. ಆದರೂ ಕೊಳೆತ ಶುರುವಾಗುವ ಜಾಗಗಳು ಒಂದೇ. ಅಲ್ಲಿ ನೆಲಕ್ಕೆ ತಾಗುವ ತಳದ ದಿಮ್ಮಿ, ಸೂರಿನಾಚೆಗೆ ಚಾಚಿ ನೆನೆಯುವ ದಿಮ್ಮಿಯ ತುದಿ, ಮಾಡಿನ ಸೋರುವ ಭಾಗದ ಕೆಳಗಿನ ಮರ. ಇಲ್ಲಿ ಕಂಬದ ಬುಡ, ಪಕಾಸಿನ ತುದಿ, ಒಡೆದ ಹಂಚಿನ ಕೆಳಗಿನ ತೊಲೆ. ದಿಮ್ಮಿಗಳ ನಡುವಿನ ಸಂದಿಗೆ ಹಿಂದಿನವರು ಮೆತ್ತುತ್ತಿದ್ದ ಮಣ್ಣು ಮತ್ತು ಸುಣ್ಣದ ಗಾರೆಯನ್ನು ಕಿತ್ತು ಸಿಮೆಂಟ್ ತುಂಬಿದಲ್ಲೆಲ್ಲ ನೀರು ಒಳಗೇ ಸಿಕ್ಕಿ ಪಕ್ಕದ ಮರ ಕೊಳೆತಿದೆ ಎಂಬ ಎಚ್ಚರಿಕೆ ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಓದುವಾಗ ನಮ್ಮ ಕೊಟ್ಟಿಗೆಯ ಕಂಬಗಳ ಸುತ್ತ ಯಾವುದೋ ಕಾಲದಲ್ಲಿ ಹಾಕಿಸಿದ್ದ ಸಿಮೆಂಟ್ ನೆಲ ನೆನಪಾಯಿತು.

ಕೆಲಸಕ್ಕೆ ಸಿಕ್ಕ ಆಚಾರ್ರು ಕೊಪ್ಪದ ಕಡೆಯವರು. ತೊಟ್ಟಿಮನೆಗಳ ಮುಚ್ಚಿಗೆ, ದೇವಸ್ಥಾನದ ತೇರು, ದೋಣಿಯ ರಿಪೇರಿ, ಎಲ್ಲ ಮಾಡಿದ ಕೈ. ಅವರು ಬಂದ ದಿನ ಮಾಡಿನ ಕಡೆಗೆ ತಲೆಯೆತ್ತಿಯೂ ನೋಡಲಿಲ್ಲ. ಕಟ್ಟಡದ ಸುತ್ತ ನಡೆದು, ನೆಲ ನೋಡಿ, "ಅಮ್ಮಾ, ಮರದ ಕೆಲಸ ಆಮೇಲೆ ಮಾಡುವ. ಮೊದಲು ಗುದ್ದಲಿ ಕೆಲಸ ಇದೆ" ಎಂದರು. ಅವರು ಹೇಳಿದ್ದರಲ್ಲಿ ಅರ್ಥವಿತ್ತು. ಕಟ್ಟಡದ ಹಿಂದಿನ ಧರೆಯಿಂದ, ಅಂದರೆ ಎತ್ತರದ ಮಣ್ಣಿನ ದಂಡೆಯಿಂದ, ವರ್ಷವರ್ಷವೂ ಇಳಿದ ಮಣ್ಣು, ಗೊಬ್ಬರ, ತರಗೆಲೆ ಸೇರಿ ಕಟ್ಟಡದ ಮೇಲ್ಬದಿಯ ನೆಲ ಏರಿತ್ತು. ಒಂದು ಕಾಲಕ್ಕೆ ನೆಲದ ಮೇಲೆ ಕಾಣುತ್ತಿದ್ದ ಅಡಿಗಲ್ಲುಗಳು ಈಗ ಮಣ್ಣಿನೊಳಗಿದ್ದವು, ಕಂಬಗಳ ಬುಡ ಮಣ್ಣಿಗೆ ತಾಗಿತ್ತು. ಮರದ ಕಂಬ ತನ್ನ ಪಕ್ಕದಿಂದ ನೀರು ಹೀರುವುದು ಬಹಳ ಕಡಿಮೆ. ಕತ್ತರಿಸಿದ ಅಡಿಯಿಂದ, ನಾರುಗಳ ತೆರೆದ ಬಾಯಿಯಿಂದ, ನೀರನ್ನು ಮೇಲಕ್ಕೆಳೆಯುತ್ತದೆ. ಹಿಂದಿನವರು ಕಂಬವನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿದ್ದಕ್ಕೆ ಇದೇ ಕಾರಣ.

ಧರೆಯ ಬುಡಕ್ಕೆ ಚರಂಡಿ ತೋಡಿ, ಮಣ್ಣನ್ನು ಅಡಿಗಲ್ಲು ಕಾಣುವಷ್ಟು ಇಳಿಸಿ, ಸಿಮೆಂಟ್ ನೆಲವನ್ನು ಕಂಬಗಳ ಸುತ್ತಲೂ ಒಡೆದು ತೆಗೆಯುವುದಕ್ಕೆ ನಮ್ಮ ಊಹೆಗಿಂತ ಹೆಚ್ಚು ಕಾಲ ಹಿಡಿಯಿತು. ಸಿಮೆಂಟು ತೆಗೆದ ಕಡೆಯೆಲ್ಲ ಕಂಬದ ಮರ ಕಪ್ಪಾಗಿ ಮೆತ್ತಗಾಗಿತ್ತು. ಸಿಮೆಂಟ್ ತಲುಪದಿದ್ದ ಮೂಲೆಯ ಎರಡು ಕಂಬಗಳ ಬುಡ ಮಾತ್ರ ಉಳಿ ತಾಗಿಸಿದರೆ ಲೋಹದ ಸದ್ದು ಕೊಡುವಷ್ಟು ಗಟ್ಟಿಯಾಗಿತ್ತು. ಒಂದೇ ಮರ, ಒಂದೇ ವಯಸ್ಸು, ಒಂದೇ ಮಳೆ. ಸಿಮೆಂಟಿನ ವಿರುದ್ಧ ಅಣ್ಣನಿಗೆ ನಾನು ಹೇಳಬೇಕಾದುದನ್ನೆಲ್ಲ ಆ ಎರಡು ಕಂಬಗಳೇ ಹೇಳಿದವು.

ಆಮೇಲೆ ತಪಾಸಣೆ. ಪ್ರತಿಯೊಂದು ಕಂಬ, ತೊಲೆ, ಜಂತೆ, ಪಕಾಸಿಗೂ ತಗಡಿನ ಸಂಖ್ಯೆಬಿಲ್ಲೆ ಕಟ್ಟಿ, ನಕ್ಷೆಯಲ್ಲಿ ಅದೇ ಸಂಖ್ಯೆ ಬರೆದು, ನಾಲ್ಕೂ ಬದಿಯಿಂದ ಫೋಟೊ ತೆಗೆದುಕೊಂಡೆವು. ಇದು ಬೇಸರದ ಕೆಲಸ, ಆದರೆ ಇದಿಲ್ಲದೆ ಒಂದು ಪಕಾಸನ್ನೂ ಬಿಚ್ಚಬಾರದು. ಆಚಾರ್ರ ಸಲಕರಣೆ ಎರಡು: ಕೊಡತಿ ಮತ್ತು ದಬ್ಬಳ. ಕೊಡತಿಯಿಂದ ಬಡಿದಾಗ ಡೊಳ್ಳು ಸದ್ದು ಬಂದರೆ ಒಳಗೆ ಪೊಳ್ಳು. ದಬ್ಬಳ ಸರಾಗವಾಗಿ ಇಳಿದರೆ ಎಷ್ಟು ಆಳ ಇಳಿಯಿತೋ ಅಷ್ಟು ಕೊಳೆತ. ನನ್ನ ಬಳಿ ಮರದ ತೇವ ಅಳೆಯುವ ಎರಡು ಮುಳ್ಳಿನ ಚಿಕ್ಕ ಮೀಟರ್ ಇತ್ತು. ಮರದ ತೇವಾಂಶ ಶೇ. 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು ಎಂಬುದು ಎಲ್ಲ ಕಡೆಯೂ ಒಪ್ಪಿದ ಲೆಕ್ಕ. ಬೇಸಗೆಯ ಆರಂಭದಲ್ಲೂ ಧರೆಯ ಬದಿಯ ಕಂಬಗಳ ಬುಡ ಆ ಗೆರೆಯನ್ನು ದಾಟಿತ್ತು, ಅದೇ ಕಂಬ ಆಳೆತ್ತರದಲ್ಲಿ ಚೆನ್ನಾಗಿ ಒಣಗಿತ್ತು. ಮೀಟರು ತೋರಿಸಿದ್ದನ್ನು ಆಚಾರ್ರಿಗೆ ಹೇಳಿದಾಗಲೆಲ್ಲ ಅವರು ತಮ್ಮ ದಬ್ಬಳ ಒರೆಸಿಕೊಳ್ಳುತ್ತಾ, "ಇದೂ ಅದನ್ನೇ ಹೇಳ್ತಲ್ಲ" ಎನ್ನುತ್ತಿದ್ದರು. ಮೀಟರನ್ನು ಚೀಲದಲ್ಲಿಟ್ಟುಕೊಂಡರೂ ಅಳೆಯುವುದನ್ನು ನಾನು ಬಿಡಲಿಲ್ಲ. ದುರಸ್ತಿಯಾದ ಮೇಲೆ ಹೋಲಿಸಿ ನೋಡುವುದಕ್ಕೆ ಅಂಕಿ ಬೇಕಾಗುತ್ತದೆ.

ಗೆದ್ದಲಿನ ಹಾನಿ ನಾವು ಅಂದುಕೊಂಡಷ್ಟಿರಲಿಲ್ಲ. ಗೆದ್ದಲು ಕಂಬದ ಹೊರಗಿನ ಬಿಳಿಮರವನ್ನು ತಿಂದು, ಮತ್ತಿಯ ಚೇಗಿಗೆ, ಅಂದರೆ ಒಳಗಿನ ಗಟ್ಟಿ ತಿರುಳಿಗೆ, ಬಂದು ನಿಂತಿತ್ತು. ಹಳೆಯ ಕಂಬಗಳಲ್ಲಿ ಚೇಗಿನ ಪಾಲು ಹೆಚ್ಚು. ನೋಡುವುದಕ್ಕೆ ಹೊರಮೈಯೆಲ್ಲ ಜರ್ಜರಿತವಾದ ಕಂಬ ಭಾರ ಹೊರುವುದಕ್ಕೆ ಸಮರ್ಥವಾಗಿಯೇ ಇತ್ತು. ಬಿಚ್ಚಿ ಮಾರಿ ಎನ್ನುತ್ತಿದ್ದವರು ತೋರಿಸುತ್ತಿದ್ದುದು ಇಂಥ ಕಂಬಗಳನ್ನೇ. ನಿಜವಾಗಿ ಕೆಟ್ಟಿದ್ದುದು ಧರೆಯ ಬದಿಯ ಕಂಬಗಳ ಬುಡ, ಟಾರ್ಪಾಲಿನ ಕೆಳಗಿನ ಒಂದು ತೊಲೆಯ ತುದಿ, ಪಶ್ಚಿಮದ ಪಕಾಸುಗಳಲ್ಲಿ ಕೆಲವು ಮತ್ತು ರೀಪುಗಳಲ್ಲಿ ಬಹುಪಾಲು. ಟಾರ್ಪಾಲು ಮೇಲಿನ ಮಳೆಯನ್ನು ತಡೆದಿದ್ದು ನಿಜ. ಅದರೊಂದಿಗೆ ಹಂಚುಗಳ ಸಂದಿಯಲ್ಲಿ ಆಡುತ್ತಿದ್ದ ಗಾಳಿಯನ್ನೂ ತಡೆದಿತ್ತು.

ಮರ ಹೊಂದಿಸುವುದು ಈ ಇಡೀ ಕೆಲಸದಲ್ಲಿ ಅತ್ಯಂತ ತೊಡಕಿನ ಭಾಗ. ನಮ್ಮದೇ ತೋಟದಲ್ಲಿ ಮತ್ತಿಯೂ ಹೊನ್ನೆಯೂ ನೆರಳಿಗೆ ನಿಂತಿವೆ. ಆದರೆ ಸ್ವಂತ ಜಮೀನಿನ ಮರವಾದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಸಿಲ್ವರ್ ಓಕ್‌ನಂಥ ಕೆಲವು ಮರಗಳಿಗೆ ಮಾತ್ರ ವಿನಾಯಿತಿ. ಸಿಲ್ವರ್ ಓಕ್ ಕಂಬದ ಮರವಲ್ಲ. ಅರ್ಜಿ ಕೊಟ್ಟು ಅನುಮತಿ ಪಡೆದು ಕಡಿದರೂ ಹಸಿಮರವನ್ನು ಕೂಡಲೇ ಬಳಸುವಂತಿಲ್ಲ. ಹಲಗೆಯ ಪ್ರತಿ ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ನೆರಳಿನಲ್ಲಿ ಒಣಗಬೇಕು ಎಂಬುದು ಮರಗೆಲಸದವರ ಲೆಕ್ಕ. ಒಣಗಿ ಗಟ್ಟಿಯಾದ ಹಳೆಯ ಕಂಬಕ್ಕೆ ಹಸಿಮರದ ಬುಡ ಕೂಡಿಸಿದರೆ, ಹಸಿಮರ ಒಣಗಿ ಅಗಲದಲ್ಲಿ ಕುಗ್ಗಿದಾಗ ಕೀಲು ಸಡಿಲವಾಗುತ್ತದೆ. ಹೀಗಾಗಿ ಒಣಗಿದ ಹಳೆಯ ಮರವೇ ಬೇಕಾಯಿತು. ಅದು ಸಿಗುವುದು ಎಲ್ಲಿ ಎಂದರೆ, ಯಾರೋ ಬಿಚ್ಚಿದ ಇನ್ನೊಂದು ಹಳೆಯ ಮನೆಯಿಂದ. ಬಾಳೆಹೊನ್ನೂರಿನ ಕಡೆ ಆಗಲೇ ಕೆಡವಿದ್ದ ಮನೆಯೊಂದರ ಮತ್ತಿ ತೊಲೆಗಳನ್ನು ರಸೀದಿ ಸಮೇತ ಕೊಂಡು, ಸಾಗಿಸುವುದಕ್ಕೆ ರಹದಾರಿ ಮಾಡಿಸಿ ತಂದೆವು. ಒಂದು ಕಟ್ಟಡವನ್ನು ಉಳಿಸಲು ಇನ್ನೊಂದರ ಮರ ಬಳಸುವುದು ನನಗೆ ಮುಜುಗರದ ವಿಷಯವಾಗಿತ್ತು. ಆಚಾರ್ರಿಗೆ ಅದು ಹಾಗೆ ಕಾಣಲಿಲ್ಲ. ಆ ತೊಲೆಗಳಲ್ಲೇ ಹಳೆಯ ಕಂಡಿಗಳಿದ್ದವು, ಅಂದರೆ ಅವು ಆ ಮನೆಗೂ ಇನ್ನೆಲ್ಲಿಂದಲೋ ಬಂದಿದ್ದವು.

ಕೆಲಸದ ಕಾಲ ನಮ್ಮ ಕೈಯಲ್ಲಿರಲಿಲ್ಲ. ನವೆಂಬರಿನಿಂದ ಅರೇಬಿಕಾ, ಜನವರಿಯಿಂದ ರೊಬಸ್ಟಾ ಕೊಯ್ಲು; ಅದು ಮುಗಿಯುವವರೆಗೆ ಹಂಚು ಇಳಿಸಲು ಆಳುಗಳು ಸಿಗುವುದಿಲ್ಲ. ಕೊಯ್ಲು ಮುಗಿಯುತ್ತಿದ್ದಂತೆಯೇ ಮಾರ್ಚ್, ಏಪ್ರಿಲಿನಲ್ಲಿ ಕಾಫಿಯ ಹೂ ಅರಳಿಸುವ ಹೂಮಳೆ. ತೋಟಕ್ಕೆ ಹೂಮಳೆ ಬರಲೆಂದು ಅಣ್ಣ ಆಕಾಶ ನೋಡುತ್ತಿದ್ದರೆ, ಹಂಚು ತೆಗೆದ ಮಾಡಿನ ಕೆಳಗೆ ನಿಂತು ಅದು ಬಾರದಿರಲೆಂದು ನಾನು ನೋಡುತ್ತಿದ್ದೆ. ಮೇ ಕೊನೆಗೆ ಹಂಚು ಮತ್ತೆ ಏರಿರಲೇಬೇಕು. ಆದ್ದರಿಂದ ಮಾಡನ್ನು ಒಟ್ಟಿಗೆ ಬಿಚ್ಚದೆ ಎರಡು ಇಳಿಜಾರುಗಳನ್ನು ಎರಡು ಬೇಸಗೆಗೆ ಹಂಚಿಕೊಂಡೆವು: 2023ರಲ್ಲಿ ಕಂಬಗಳು ಮತ್ತು ಪಶ್ಚಿಮದ ಮಾಡು, 2024ರಲ್ಲಿ ಪೂರ್ವದ ಮಾಡು ಮತ್ತು ಕಣಜ.

ಕಂಬದ ಬುಡ ಬದಲಿಸುವುದಕ್ಕೆ ಅದರ ಮೇಲಿನ ಭಾರವನ್ನು ಮೊದಲು ಇಳಿಸಬೇಕು. ತೊಲೆಯ ಅಡಿಗೆ ಎರಡೂ ಬದಿಯಲ್ಲಿ ದಪ್ಪ ಊರೆಗೋಲು ಕೊಟ್ಟು, ಅವುಗಳ ಕೆಳಗೆ ಲಾರಿಯ ಸ್ಕ್ರೂ ಜಾಕಿ ಇಟ್ಟು, ದಿನಕ್ಕೆ ಒಂದಿಷ್ಟೇ ತಿರುಗಿಸುತ್ತಾ ಹೋಗುವುದು. ಕಂಬ ಕುಸಿದು ವರ್ಷಗಳಾದ ಮೇಲೆ ಮಾಡು, ಅಟ್ಟ, ಜಂತೆಗಳೆಲ್ಲ ಆ ಕುಸಿತಕ್ಕೇ ಹೊಂದಿಕೊಂಡಿರುತ್ತವೆ. ಒಮ್ಮೆಲೇ ಎತ್ತಿದರೆ ಎಲ್ಲೋ ದೂರದ ಕೀಲಿನಲ್ಲಿ ನಾಲಿಗೆ ಮುರಿಯುತ್ತದೆ. ಆಚಾರ್ರು ಜಾಕಿ ತಿರುಗಿಸಿದ ಕೂಡಲೇ ಕೈ ನಿಲ್ಲಿಸಿ, ಕಟ್ಟಡ ಕಿರುಗುಟ್ಟುವುದನ್ನು ಕೇಳಿಸಿಕೊಂಡು, ಸದ್ದು ಸಂಪೂರ್ಣ ನಿಂತ ಮೇಲೆ ಇನ್ನೊಂದು ಕಂಬಕ್ಕೆ ಹೋಗುತ್ತಿದ್ದರು. ಮಾಡಿನ ನೆತ್ತಿಯ ಬಾಗನ್ನು ಪೂರ್ತಿ ನೇರ ಮಾಡಬೇಕೆಂದು ಅಣ್ಣ ಪಟ್ಟು ಹಿಡಿದಾಗ ಅವರು ಒಪ್ಪಲಿಲ್ಲ. ಭಾರ ಕೆಳಗಿಳಿಯುವ ದಾರಿ ಸರಿಯಾದರೆ ಸಾಕು, ನೋಟಕ್ಕೆ ನೇರವಾಗಲೇಬೇಕೆಂದು ಎತ್ತಿದರೆ ಗಟ್ಟಿಯಿರುವ ಕೀಲುಗಳನ್ನು ನಾವೇ ಮುರಿದ ಹಾಗೆ ಎಂದರು. ಮಾಡಿನ ನೆತ್ತಿಯಲ್ಲಿ ಈಗಲೂ ಒಂದು ಬಾಗು ಇದೆ.

ಕೊಳೆತ ಬುಡವನ್ನು ಗಟ್ಟಿಮರ ಸಿಗುವವರೆಗೆ ಕತ್ತರಿಸಿ, ಹಳೆಯದರ ತುದಿಯನ್ನೂ ಹೊಸ ತುಂಡಿನ ತುದಿಯನ್ನೂ ಅರ್ಧರ್ಧ ದಪ್ಪ ತೆಗೆದು, ಒಂದರ ಮೇಲೊಂದು ಮೆಟ್ಟಿಲಿನಾಕಾರದಲ್ಲಿ ಕೂರುವಂತೆ ಮಾಡಿ, ಮಧ್ಯೆ ಬೆಣೆ ಹೊಡೆದು, ಅಡ್ಡಲಾಗಿ ಗೂಟ ಹಾಕಿ ಬಿಗಿಯುವುದು ಅವರ ಕ್ರಮ. ಕೂಡುವ ಭಾಗದ ಉದ್ದ ಕಂಬದ ದಪ್ಪದ ಕನಿಷ್ಠ ಎರಡೂವರೆ ಪಟ್ಟಾದರೂ ಇರಬೇಕೆಂದು ಅವರು ಹಟ ಹಿಡಿಯುತ್ತಿದ್ದರು. ಯಂತ್ರದ ಗರಗಸ ಬಳಸಿದರು, ಆದರೆ ಕೊನೆಯ ಹೊಂದಿಕೆಯನ್ನು ಉಳಿಯಿಂದಲೇ ಮಾಡಿದರು. ಕೂಡುವ ಮುಖಗಳಿಗೆ ಸುಣ್ಣದ ಪುಡಿ ಬಳಿದು ಒತ್ತಿ ನೋಡಿ, ಸುಣ್ಣ ಅಳಿಸಿದ ಕಡೆ ಮಾತ್ರ ಮತ್ತೆ ಕೆತ್ತುವುದು. ರಾಳದ ಅಂಟಿನಿಂದ ಪೊಳ್ಳು ತುಂಬಿಸಬಹುದೆಂದು ನಾನು ಓದಿದ್ದೆ, ಕೆಲವು ಕಡೆ ಅದಕ್ಕೆ ಉಪಯೋಗವೂ ಇದೆ. ಆದರೆ ನೆಲಕ್ಕೆ ಹತ್ತಿರದ ಕಂಬದೊಳಗೆ ನೀರು ಹಾಯದ ಗಟ್ಟಿಮುದ್ದೆಯನ್ನು ತುಂಬಿದರೆ ಅದರ ಸುತ್ತಲ ಮರದಲ್ಲಿ ತೇವ ಸಿಕ್ಕಿಕೊಳ್ಳುತ್ತದೆ. ಸಿಮೆಂಟ್ ನೆಲ ಮಾಡಿದ್ದೂ ಅದನ್ನೇ. ಪ್ರತಿ ಹೊಸ ತುಂಡಿನ ಒಳಮುಖದಲ್ಲಿ 2023 ಎಂದು ಕೊರೆಯಿಸಿದೆ. ಆಚಾರ್ರಿಗೆ ಇದು ವಿಚಿತ್ರವೆನಿಸಿತು. ಕೂಡಿಸಿದ್ದು ಕಾಣದಿರುವುದೇ ಅವರ ಕಸುಬಿನ ಹೆಮ್ಮೆ. ಕಂಬ ನಿಂತ ಮೇಲೆ ಕಾಣದ ಮುಖದಲ್ಲಿ ಕೊರೆಯುವುದೆಂದು ರಾಜಿಯಾಯಿತು.

ಅಡಿಗಲ್ಲು ಮತ್ತು ಕಂಬದ ನಡುವೆ ಏನಿಡಬೇಕೆಂಬ ಬಗ್ಗೆಯೂ ಚರ್ಚೆ ನಡೆದು, ತೆಳುವಾದ ಸೀಸದ ಹಾಳೆ ಇಟ್ಟು, ಕಂಬದ ಅಡಿಗೂ ಬುಡದ ಸುತ್ತಕ್ಕೂ ಗೇರೆಣ್ಣೆ ಹಚ್ಚಿದೆವು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪೆಣ್ಣೆಯನ್ನು ಘಟ್ಟದ ಮೇಲೂ ಕೆಳಗೂ ಮರಕ್ಕೆ ಹಚ್ಚುವ ರೂಢಿ ಹಳೆಯದು. ಮೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ, ಆದ್ದರಿಂದ ಕೈಗವಸು ಅಗತ್ಯ. ಮಳೆ ತಾಗದ ಒಳಗಿನ ಜಂತೆ, ತೊಲೆಗಳಿಗೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲ ಬೆರೆಸಿದ ನೀರನ್ನು ಬ್ರಷ್‌ನಿಂದ ಎರಡು ಸಲ ಹಚ್ಚಿದೆವು. ಹುಳು ಮತ್ತು ಶಿಲೀಂಧ್ರಗಳಿಗೆ ಅದು ಒಳ್ಳೆಯ ತಡೆ, ಮನುಷ್ಯರಿಗೂ ದನಗಳಿಗೂ ಬೇರೆ ವಿಷಗಳಷ್ಟು ಅಪಾಯವಿಲ್ಲ; ಆದರೆ ನೀರಿನಲ್ಲಿ ಕರಗಿ ತೊಳೆದುಹೋಗುವುದರಿಂದ ಹೊರಗಿನ ಮರಕ್ಕೆ ಹಚ್ಚಿ ಪ್ರಯೋಜನವಿಲ್ಲ. ಮರದ ರಕ್ಷಣೆಯ ವಿಷಯದಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ನಮ್ಮ ರಾಜ್ಯದಲ್ಲೇ ಇರುವುದು ಮಲೆನಾಡಿನವರಿಗೆ ಅನುಕೂಲ. ಇನ್ನಷ್ಟು ಜನ ಅದನ್ನು ಬಳಸಿಕೊಳ್ಳಬೇಕು. ವಾರ್ನಿಷ್ ಮತ್ತು ಬಣ್ಣವನ್ನು ಎಲ್ಲಿಯೂ ಹಚ್ಚಲಿಲ್ಲ. ಹೊಗೆ ಹಿಡಿದು ಕಪ್ಪಾದ ಮರವನ್ನು ಉಜ್ಜಿ ಹೊಳಪು ಬರಿಸಿದರೆ ಚೆನ್ನಾಗಿರುತ್ತದೆಂಬ ಸಲಹೆ ಬಂಧುಗಳಿಂದ ಬಂದಿತ್ತು. ಬಾಚಿಯ ಏಟಿನ ಗುರುತುಗಳಿರುವುದೇ ಆ ಕಪ್ಪಿನ ಕೆಳಗೆ. ಉಜ್ಜಿದರೆ ಎರಡೂ ಹೋಗುತ್ತವೆ.

ಹಂಚಿನ ಕೆಲಸ ಸುಲಭವೆಂದು ತೋರುತ್ತದೆ. ನೂರು ಚದರಡಿಗೆ ಸುಮಾರು 150 ಮಂಗಳೂರು ಹಂಚು ಬೇಕು; ಹಳೆಯವನ್ನು ಒಂದೊಂದಾಗಿ ಇಳಿಸಿ, ಪಾಚಿ ಕೆರೆದು, ಬೆರಳ ಗೆಣ್ಣಿನಿಂದ ತಟ್ಟಿ, ಕಣಕಣ ಎಂದವನ್ನು ಇಟ್ಟುಕೊಂಡು ಮಂಕು ಸದ್ದು ಕೊಟ್ಟವನ್ನು ಬೇರ್ಪಡಿಸಿದೆವು. ಕಡಿಮೆ ಬಿದ್ದವನ್ನು ಹಳೆಯ ಕಟ್ಟಡಗಳಿಂದ ಕೊಂಡು ತಂದಾಗ ತೊಡಕು ಎದುರಾಯಿತು. ಬೇರೆ ಬೇರೆ ಕಾರ್ಖಾನೆಗಳ ಹಂಚುಗಳ ಅಳತೆಯೂ ಅಂಚಿನ ಕಾಲುವೆಯೂ ಕೂದಲೆಳೆಯಷ್ಟು ಬೇರೆಯಿರುತ್ತವೆ, ಬೆರೆಸಿ ಹೊದಿಸಿದರೆ ಒಂದರೊಳಗೊಂದು ಕೂರದೆ ಗಾಳಿಮಳೆಗೆ ನೀರು ಒಳನುಗ್ಗುತ್ತದೆ. ಹಂಚಿನ ಹಿಂಬದಿಯ ಮುದ್ರೆ ನೋಡಿ ವಿಂಗಡಿಸಿ, ಒಂದೊಂದು ಮುದ್ರೆಯವನ್ನು ಒಂದೊಂದು ಪಟ್ಟಿಯಾಗಿ ಹೊದಿಸಿ, ಆಯಾ ಪಟ್ಟಿಗೆ ತಕ್ಕಂತೆ ರೀಪಿನ ಅಂತರ ಹೊಂದಿಸಿದೆವು.

ನನಗೆ ಅತ್ಯಂತ ಪ್ರಿಯವಾದ ಕೆಲಸ ಕಣಜದ್ದು. ನಾಲ್ಕು ಮೂಲೆಯ ಗಿಡ್ಡ ಕಂಬಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಕಾಲುವೆ ಕೊರೆದು, ಹಲಸಿನ ಹಲಗೆಗಳನ್ನು ಅಡ್ಡಡ್ಡಲಾಗಿ ಒಂದರ ಮೇಲೊಂದು ಆ ಕಾಲುವೆಯೊಳಗೆ ಇಳಿಬಿಟ್ಟಿದ್ದಾರೆ. ಮುಂಭಾಗದ ಹಲಗೆಗಳು ಸಡಿಲ. ಭತ್ತ ತುಂಬುತ್ತಾ ಹೋದಂತೆ ಒಂದೊಂದನ್ನೇ ಇಳಿಸುವುದು, ತೆಗೆಯುತ್ತಾ ಬಂದಂತೆ ಒಂದೊಂದನ್ನೇ ಎತ್ತುವುದು. ಪ್ರತಿ ಹಲಗೆಯ ಎಡತುದಿಯಲ್ಲಿ ಉಳಿಯಿಂದ ಗೆರೆಗಳನ್ನು ಕೊರೆದಿದ್ದಾರೆ: ತಳದ್ದಕ್ಕೆ ಒಂದು, ಅದರ ಮೇಲಿನದಕ್ಕೆ ಎರಡು. ನಾವು ತಗಡಿನ ಬಿಲ್ಲೆ ಕಟ್ಟುವುದಕ್ಕೆ ಎಷ್ಟೋ ಮೊದಲೇ ಅವಕ್ಕೆ ಸಂಖ್ಯೆಯಿತ್ತು. ಕಟ್ಟುವ ಬಗೆಯಲ್ಲಿ ನಮ್ಮಲ್ಲಿ ದಿಮ್ಮಿಮನೆಗೆ ಹತ್ತಿರದ್ದೇನಾದರೂ ಇದ್ದರೆ ಅದು ಈ ಕಣಜ. ಹಸಿ ದಿಮ್ಮಿಗಳಿಂದ ಕಟ್ಟಿದ ಮನೆ ಒಣಗುತ್ತಾ ಎತ್ತರದಲ್ಲಿ ಕುಗ್ಗುತ್ತದೆಂದು ಅಮೆರಿಕದ ಆ ಕಡೆಯವರು ಬಾಗಿಲು, ಕಿಟಕಿಗಳ ಚೌಕಟ್ಟಿನ ಮೇಲೆ ಖಾಲಿ ಜಾಗ ಬಿಡುತ್ತಾರೆ, ಏಕೆಂದರೆ ಮರ ಹಿಗ್ಗುವುದೂ ಕುಗ್ಗುವುದೂ ಅಗಲದಲ್ಲಿ, ಉದ್ದದಲ್ಲಿ ಅಲ್ಲವೆನ್ನುವಷ್ಟು ಕಡಿಮೆ. ಕೆಟ್ಟಿದ್ದ ಎರಡು ಹಲಗೆಗಳ ಬದಲಿಗೆ, ಹಿಂದೊಮ್ಮೆ ಗಾಳಿಗೆ ಬಿದ್ದ ಮರದಿಂದ ತೆಗೆದು ಮನೆಯ ಅಟ್ಟದಲ್ಲಿ ಒಣಗಿಸಿದ್ದ ಹಲಸಿನ ಹಲಗೆಗಳನ್ನು ಸೀಳಿಸಿ ಕೂರಿಸುವಾಗ ಆಚಾರ್ರು ಮೇಲಿನ ಹಲಗೆಗೂ ಅದರ ನೆತ್ತಿಯ ಪಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟರು. ಇಲಿ ನುಗ್ಗೀತೆಂದು ಅಣ್ಣ ಆಕ್ಷೇಪಿಸಿದ. "ಆಷಾಢದಲ್ಲಿ ಬಂದು ನೋಡಿ" ಎಂದಷ್ಟೇ ಅವರು ಹೇಳಿದರು. ಆಷಾಢದಲ್ಲಿ ಹಲಗೆಗಳು ತೇವ ಹೀರಿ ಹಿಗ್ಗಿ ಆ ಸಂದಿಗೆ ಕಾಗದವೂ ತೂರುತ್ತಿರಲಿಲ್ಲ.

2023ರ ಮುಂಗಾರು ರಾಜ್ಯದೆಲ್ಲೆಡೆ ಕೈಕೊಟ್ಟು ನಮ್ಮ ಕಡೆಯೂ ಮಳೆ ಕಡಿಮೆಯಾದ್ದರಿಂದ ಪಶ್ಚಿಮದ ಮಾಡಿಗೆ ಆ ವರ್ಷ ನಿಜವಾದ ಪರೀಕ್ಷೆಯಾಗಲಿಲ್ಲ. ಪರೀಕ್ಷೆಯಾದದ್ದು 2024ರ ಜುಲೈನಲ್ಲಿ, ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಹಾಸನದಿಂದ ಮಂಗಳೂರಿನ ದಾರಿ ಕಡಿದ ವಾರಗಳಲ್ಲಿ. ಎರಡು ಮುದ್ರೆಯ ಹಂಚುಗಳು ಸೇರುವ ಒಂದು ಸಾಲಿನಲ್ಲಿ ಹನಿ ಬಿತ್ತು; ಬೇರೆಲ್ಲೂ ಸೋರಲಿಲ್ಲ. ಧರೆಯ ಬುಡದ ಚರಂಡಿ ತುಂಬಿ ಹರಿದರೂ ಅಡಿಗಲ್ಲುಗಳ ಹತ್ತಿರಕ್ಕೆ ನೀರು ಬರಲಿಲ್ಲ. ಮಳೆ ನಿಂತ ಮೇಲೆ ಕಂಬಗಳ ಬುಡ ಅಳೆದಾಗ, ಅದೇ ಜಾಗಗಳಲ್ಲಿ ಮೊದಲು ಬೇಸಗೆಯಲ್ಲಿ ಇದ್ದುದಕ್ಕಿಂತ ಈಗ ಮಳೆಗಾಲದ ಕೊನೆಯಲ್ಲಿ ತೇವ ಕಡಿಮೆಯಿತ್ತು.

ಕಟ್ಟಡಕ್ಕೆ ಕೆಲಸ ಕೊಡುವುದು ಇನ್ನೂ ಪೂರ್ತಿ ಬಗೆಹರಿಯದ ವಿಷಯ. ಅಣ್ಣ ಎರಡು ಮಲೆನಾಡು ಗಿಡ್ಡ ಹಸು ತಂದು ಕಟ್ಟಿದ್ದಾನೆ. ಮೂಲೆಯ ಒಲೆಯಲ್ಲಿ ಮತ್ತೆ ಬೆಂಕಿ ಕಾಣುತ್ತಿದೆ, ಅಟ್ಟಕ್ಕೆ ಹುಲ್ಲು ಏರಿದೆ. ಕಣಜದ ಅರ್ಧಕ್ಕೆ ನಮ್ಮ ಗದ್ದೆಯ ಭತ್ತ, ಉಳಿದ ಅರ್ಧಕ್ಕೆ ಒಣಗಿಸಿದ ಕಾಳುಮೆಣಸಿನ ಮೂಟೆಗಳು. ಕಾಫಿಯನ್ನು ಅಲ್ಲಿಡುವುದಿಲ್ಲ, ಹೊಗೆಯ ವಾಸನೆ ಬೀಜಕ್ಕೆ ಹಿಡಿಯುತ್ತದೆ. ಪ್ರತಿ ಮೇ ತಿಂಗಳಲ್ಲಿ ಹಂಚು ಕೈಯಾಡಿಸುವುದು, ಚರಂಡಿಯ ಮಣ್ಣು ತೆಗೆಯುವುದು, ಬುಡದ ಕಲ್ಲುಗಳ ಮೇಲೆ ಗೆದ್ದಲಿನ ಮಣ್ಣಿನ ದಾರಿ ಏರಿದೆಯೇ ಎಂದು ನೋಡಿ ಕೆರೆಯುವುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟಿಗೆಯ ಬಾಗಿಲ ಹಿಂದೆ ಅಂಟಿಸಿದ್ದೇವೆ. ಹಂಚಿನ ಮೇಲೆ ಹೆಜ್ಜೆಯಿಡಲು ಬಲ್ಲವರು ಊರಿನಲ್ಲಿ ಬೆರಳೆಣಿಕೆಯಷ್ಟು ಉಳಿದಿರುವುದರಿಂದ ಏಪ್ರಿಲಿನಲ್ಲೇ ಅವರಿಗೆ ಹೇಳಿಡಬೇಕಾಗುತ್ತದೆ. ಖರ್ಚಿನಲ್ಲಿ ಮರಕ್ಕಿಂತ ಕೂಲಿಯ ಪಾಲೇ ದೊಡ್ಡದು. ಇಂಥ ಕೆಲಸಕ್ಕೆ ಇಳಿಯುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಟಾರ್ಪಾಲಿನ ಕೆಳಗೆ ಕೊಳೆತಿದ್ದ ತೊಲೆಯ ತುದಿ ಇನ್ನೂ ಊರೆಗೋಲಿನ ಮೇಲೆಯೇ ನಿಂತಿದೆ. ಅದು ಹೊನ್ನೆ, ಅಷ್ಟು ಉದ್ದದ ಹಳೆಯ ಹೊನ್ನೆ ಎಲ್ಲಿಯೂ ಸಿಗಲಿಲ್ಲ, ಮತ್ತಿಯನ್ನು ಕೂಡಿಸಲು ಆಚಾರ್ರು ಒಪ್ಪಲಿಲ್ಲ. ತೋಟದಲ್ಲಿ ಒಣಗಿ ನಿಂತಿರುವ ಒಂದು ಹೊನ್ನೆಯನ್ನು ಕಡಿಯಲು ಅಣ್ಣ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟಿದ್ದಾನೆ. ಅನುಮತಿ ಬಂದ ಮೇಲೆ ಮರ ಸೀಳಿಸಿ, ನೆರಳಿನಲ್ಲಿ ಪೇರಿಸಿ, ಒಣಗುವವರೆಗೆ ಕಾಯಬೇಕು.